ರೇಡಿಯೋದ ಅಮ್ಮಣ್ಣಿ

ಹಮಾಗುಚಿ ಕಿನು ಎಂಬ ಹೆಸರನ್ನು ಒಸಾಕಾದಲ್ಲಿ ಈಗ ಯಾರೂ ಬಲ್ಲವರಿಲ್ಲ. ಆಗಲೂ ಇರಲಿಲ್ಲ. ಆದರೆ ಆಕೆಯ ದನಿ ಕೇಳದ ಮನೆ ಆ ಊರಿನಲ್ಲಿ ಇರಲಿಲ್ಲ.

ಯುದ್ಧ ಮುಗಿದು ಎಂಟು ವರ್ಷವಾಗಿತ್ತು. ನಮ್ಮ ರೇಡಿಯೋ ಕೇಂದ್ರದಲ್ಲಿ ‘ಯುಕಾರಿಯ ಕಿಟಕಿ’ ಎಂಬ ಧಾರಾವಾಹಿ ಶುರುವಾಯಿತು. ದಿನಾ ಸಂಜೆ ಆರೂಮುಕ್ಕಾಲಿಗೆ, ಹದಿನೈದು ನಿಮಿಷ. ಯುಕಾರಿ ಬೆಟ್ಟದ ಮೇಲಿನ ದೊಡ್ಡ ಮನೆಯ ಒಬ್ಬಳೇ ಮಗಳು, ಆಳುಕಾಳುಗಳ ಬಾಯಲ್ಲಿ ಅಮ್ಮಣ್ಣಿ. ಪಿಯಾನೋ ನುಡಿಸುತ್ತಾಳೆ, ಗುಲಾಬಿ ಗಿಡಗಳ ಜೊತೆ ಮಾತಾಡುತ್ತಾಳೆ, ಯುದ್ಧಕ್ಕೆ ಹೋಗಿ ಹಿಂದಿರುಗದ ತಂದೆಗಾಗಿ ಕಾಯುತ್ತಾಳೆ. ಯಾರ ಮೇಲೂ ದನಿ ಏರಿಸುವುದಿಲ್ಲ. ಅತ್ತರೂ ಕರವಸ್ತ್ರಕ್ಕೆ ಮಾತ್ರ ಗೊತ್ತಾಗುವ ಹಾಗೆ ಅಳುತ್ತಾಳೆ. ಕೇಳುವವರಲ್ಲಿ ಅರ್ಧ ಜನ ಇನ್ನೂ ತಗಡಿನ ಸೂರಿನಡಿ ಇದ್ದರು. ಅವರಿಗೆ ಈ ಅಮ್ಮಣ್ಣಿ ಎಂದರೆ ಪ್ರಾಣ. ಅವಳಿಗೆ ನೆಗಡಿ ಎಂದು ಕಥೆಯಲ್ಲಿ ಬಂದ ವಾರ, ಜನ ಕೇಂದ್ರಕ್ಕೆ ಶುಂಠಿಯನ್ನೂ ಜೇನುತುಪ್ಪವನ್ನೂ ಕಳಿಸಿದ್ದರು.

ನಾನು ಕದೋತಾ, ಆ ನಾಟಕಕ್ಕೆ ಸದ್ದು ಮಾಡುವವನು. ಬಿದಿರು ಬುಟ್ಟಿಯಲ್ಲಿ ಅಲಸಂದೆ ಉರುಳಿಸಿದರೆ ಸಮುದ್ರ. ಗಂಜಿಪುಡಿಯ ಚೀಲ ಹಿಸುಕಿದರೆ ಹಿಮದಲ್ಲಿ ನಡಿಗೆ. ಯುಕಾರಿ ಮನೆಯೊಳಗೆ ಓಡಾಡುವಾಗ ಎರಡೂ ಕೈಗೆ ಹೆಂಗಸರ ಬೂಟು ಹಾಕಿಕೊಂಡು ಹಲಗೆಯ ಮೇಲೆ ಮೆಲ್ಲಗೆ ಒತ್ತುತ್ತಿದ್ದೆ. ಎರಡು ವರ್ಷ ಅವಳ ಕಾಲು ನಾನಾಗಿದ್ದೆ, ಬಾಯಿ ಕಿನು.

ಕಿನು ಸಕಾಯಿಯವಳು. ಅಪ್ಪ ಅಲ್ಲಿ ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದ. ಆಗ ಅವಳಿಗೆ ಇಪ್ಪತ್ತೇಳು. ಕುಳ್ಳಿ, ಅಗಲ ಹೆಗಲು, ಬಂದರಿನ ಕೂಲಿಗಳ ನಡುವೆ ಬೆಳೆದ ಬಾಯಿ. ಮೈಕಿನ ಮುಂದೆ “ತಮಗೆ ತೊಂದರೆಯಾಗದಿದ್ದರೆ ಆ ಕಿಟಕಿಯನ್ನು ಕೊಂಚ ತೆರೆಯುವಿರಾ?” ಎಂದು ಜೇನು ಸುರಿಸಿ, ಕೆಂಪು ದೀಪ ಆರಿದ ತಕ್ಷಣ ನನ್ನ ಕಡೆ ತಿರುಗುತ್ತಿದ್ದಳು.

“ಏನಯ್ಯಾ ಕದೋತಾ, ಇವತ್ತು ಅಮ್ಮಣ್ಣೀನ ನಡೆಸಿದ್ಯೋ, ಹೋರೀನ ಹೊಡ್ಕೊಂಡು ಹೋದ್ಯೋ?”

ಆಮೇಲೆ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಸುಟ್ಟ ಬೊಂಡಾಸು ಮೀನನ್ನು ಹಲ್ಲಿನಲ್ಲಿ ಸೀಳಿಕೊಂಡು ತಿನ್ನುತ್ತಿದ್ದಳು.

ಈ ದೃಶ್ಯವನ್ನು ಹೊರಗಿನವರು ಯಾರೂ ನೋಡಬಾರದೆಂದು ಕೇಂದ್ರದವರ ಕಟ್ಟಪ್ಪಣೆ. ಯುಕಾರಿಯ ದನಿ ಆಶಿಯಾದ ದೊಡ್ಡ ಮನೆತನದ ಹೆಣ್ಣುಮಗಳೊಬ್ಬಳದು, ಮನೆಯವರಿಗೆ ಇಷ್ಟವಿಲ್ಲವಾದ್ದರಿಂದ ಆಕೆ ಮುಖ ತೋರಿಸುವುದಿಲ್ಲ, ಮಿಸೊನೊ ಎಂಬುದಷ್ಟೇ ಆಕೆಯ ಹೆಸರು ಎಂದು ಅವರು ಪತ್ರಿಕೆಗಳಿಗೆ ಹೇಳಿದ್ದರು. ನಿರ್ದೇಶಕ ಒಕುಮುರಾ ಅವರನ್ನು ನಾವೆಲ್ಲ ಮೇಷ್ಟ್ರೇ ಎನ್ನುತ್ತಿದ್ದೆವು. ಅವರು ಕಿನುಗೆ ಒಂದೇ ಒಂದು ಷರತ್ತು ಹಾಕಿದ್ದರು: ಕೇಂದ್ರದ ಹೊರಗೆ ಯಾರ ಹತ್ತಿರವೂ ಬಾಯಿ ಬಿಡಬೇಡ.

ಅಂಥ ಮಾತನ್ನು ಎಲ್ಲಿ ಕಲಿತೆ ಎಂದು ನಾನು ಎಷ್ಟೋ ಸಲ ಕೇಳಿದ್ದೆ. “ಹಾಲು ಕುಡಿಯೋವಾಗ್ಲೇ” ಎಂದು ಹಾರಿಸಿಬಿಡುತ್ತಿದ್ದಳು.

ಐವತ್ತೈದರ ವಸಂತದಲ್ಲಿ ಕಥೆಗೆ ಹೊಸ ಪಾತ್ರವೊಂದು ಬೇಕಾಯಿತು. ಯುಕಾರಿಯ ಚಿಕ್ಕಪ್ಪನ ಮಗಳು, ಅವಳೂ ಅಮ್ಮಣ್ಣಿಯೇ. ಕೇಳುಗರಲ್ಲಿ ಯಾರು ಬೇಕಾದರೂ ಬಂದು ಓದಿ ತೋರಿಸಬಹುದೆಂದು ಕೇಂದ್ರದವರು ಸಾರಿದರು. ಅರವತ್ತೆರಡು ಹೆಂಗಸರು ಬಂದರು. ಪತ್ರಿಕೆಯವರೂ ಇಬ್ಬರು ಬಂದು ಗೋಡೆಗೆ ಒರಗಿ ನಿಂತರು. ಬಂದವರು ಮಿಸೊನೊ ಅವರ ಎದುರೇ ಓದಬೇಕು, ಆದರೆ ಮಿಸೊನೊ ಕಾಣಬಾರದು. ಹಾಗಾಗಿ ಸ್ಟುಡಿಯೋದ ಮೂಲೆಯಲ್ಲಿ ಒಂದು ಮಡಿಚುವ ತಡಿಕೆ ನಿಲ್ಲಿಸಿ, ಅದರ ಹಿಂದೆ ಕಿನುವನ್ನು ಕೂರಿಸಿದ್ದರು. ನನ್ನ ಹಲಗೆ ತಡಿಕೆಯ ಪಕ್ಕಕ್ಕಿತ್ತು. ಎರಡೂ ಬದಿ ಕಾಣುತ್ತಿದ್ದವನು ನಾನೊಬ್ಬನೇ.

ಎಲ್ಲರಿಗೂ ಒಂದೇ ಮಾತು ಕೊಟ್ಟಿದ್ದರು: “ಅಪ್ಪಾಜಿ ಇನ್ನು ಬರುವುದಿಲ್ಲ. ಆದರೂ ಅವರ ಕುರ್ಚಿಯನ್ನು ಅಲ್ಲಿಂದ ತೆಗೆಯಬೇಡಿ.”

ಬಂದವರೆಲ್ಲ ಅದನ್ನು ಕಿನುವಿನ ಹಾಗೆಯೇ ಹೇಳಲು ಹೆಣಗಿದರು. ಎಳೆದರು, ನಡುಗಿಸಿದರು. ಒಬ್ಬಾಕೆ ಕುರ್ಚಿ ಎನ್ನುವಷ್ಟರಲ್ಲಿ ನಿಜವಾಗಿಯೇ ಅತ್ತುಬಿಟ್ಟಳು. ಊಟದ ಹೊತ್ತು ದಾಟಿದ ಮೇಲೆ ನಲವತ್ತಮೂರನೆಯವಳಾಗಿ ಒಬ್ಬ ಹೆಂಗಸು ಬಂದಳು. ಮೂವತ್ತು ದಾಟಿರಬಹುದು. ತೆಳು ಮೈ, ಒಗೆದು ಒಗೆದು ಬಣ್ಣ ಹೋದ ನೀಲಿ ಮೇಲಂಗಿ, ಬಿಸಿನೀರಿನಲ್ಲಿ ಬೆಂದಂಥ ಕೆಂಪು ಕೈಗಳು. ಹೊತ್ತಾ ಎಂದು ಹೆಸರು ಹೇಳಿದಳು. ಅಮಗಾಸಾಕಿಯ ಕಬ್ಬಿಣದ ಕಾರ್ಖಾನೆಯೊಂದರ ಊಟದ ಮನೆಯಲ್ಲಿ ಕೆಲಸ ಅಂದಳು.

ಅವಳ ದನಿ ಕೇಳುತ್ತಿದ್ದಂತೆಯೇ ತಡಿಕೆಯ ಹಿಂದೆ ಕಿನು ತಲೆ ಎತ್ತಿದಳು. ಮಡಿಕೆಯ ಸಂದಿಗೆ ಕಣ್ಣಿಟ್ಟಳು. ಮತ್ತೆ ಅಲ್ಲಿಂದ ಕಣ್ಣು ತೆಗೆಯಲಿಲ್ಲ.

ಹೊತ್ತಾ ಕೈಯಲ್ಲಿದ್ದ ಕಾಗದವನ್ನು ಒಂದು ಸಲ ನೋಡಿ, ಕೆಳಗಿಳಿಸಿ, ಮಾತು ಹೇಳಿದಳು. ಎಳೆಯಲಿಲ್ಲ, ನಡುಗಿಸಲಿಲ್ಲ. ಬೇಗ ಬೇಗ, ಕೊಂಚ ಒಣಗಿದ ದನಿಯಲ್ಲಿ ಹೇಳಿದಳು. ಯಾರೋ ಆಗಲೇ ಕುರ್ಚಿಗೆ ಕೈ ಹಾಕಿದ್ದಾರೆ, ಬೇಡ ಅನ್ನುವುದಷ್ಟೇ ತನ್ನ ಕೆಲಸ, ಅದರ ಬಗ್ಗೆ ಮಾತು ಬೆಳೆಸುವುದು ತನಗೆ ಬೇಕಿಲ್ಲ ಎನ್ನುವ ಹಾಗೆ.

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಕನ್ನಡಕ ತೆಗೆದು ಮೂಗಿನ ಸೇತುವೆ ಉಜ್ಜಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಬೆಳಗಿನಿಂದ ಕೇಳಿ ಕೇಳಿ ದಣಿದಿದ್ದರು.

“ಏನಮ್ಮಾ, ತರಕಾರಿ ಅಂಗಡೀಲಿ ಮೂಲಂಗಿ ಕೇಳ್ದಂಗೆ ಕೇಳ್ತಿದೀರಲ್ಲ. ಈಕೆ ದೊಡ್ಡ ಮನೆ ಮಗಳು. ಅಮ್ಮಣ್ಣಿ. ಅಂಥೋರನ್ನ ಯಾವತ್ತಾದ್ರೂ ಹತ್ತಿರದಿಂದ ನೋಡಿದೀರಾ?”

“ಸ್ವಲ್ಪ ನೋಡಿದೀನಿ” ಎಂದಳು ಹೊತ್ತಾ.

“ಹಾಗಾದ್ರೆ ಅವರು ಹೀಗೆ ಮಾತಾಡ್ತಾರಾ?”

ಮೇಷ್ಟ್ರು ತಡಿಕೆಯ ಕಡೆ ತಿರುಗಿದರು. “ಮಿಸೊನೊ ಅವರೇ, ದಯವಿಟ್ಟು ಒಂದು ಸಲ ಹೇಳಿ ತೋರಿಸ್ತೀರಾ? ಅಮ್ಮಣ್ಣಿಯವರ ಮಾತು ಹೇಗಿರುತ್ತೆ ಅಂತ ಇವರು ಕೇಳಿಸ್ಕೊಳ್ಳಲಿ.”

ಕಿನುವಿನ ಮುಖ ಸುಣ್ಣದ ಹಾಗಾಗಿತ್ತು. ಅವಳು ಎದ್ದು ತಡಿಕೆಯಿಂದ ಹೊರಗೆ ಬರುತ್ತಾಳೆಂದು ನನಗೆ ಒಂದು ಕ್ಷಣ ಅನ್ನಿಸಿತು. ಮೊಣಕಾಲು ಅಷ್ಟು ಮೇಲೆದ್ದಿತ್ತು. ಪತ್ರಿಕೆಯವನೊಬ್ಬ ಪೆನ್ಸಿಲ್ ನಾಲಿಗೆಗೆ ಒತ್ತಿಕೊಂಡ. ಕಿನು ಮತ್ತೆ ಕೂತಳು. ಹೇಳಿದಳು.

ಅಷ್ಟು ಚೆನ್ನಾಗಿ ಅವಳು ಎಂದೂ ಹೇಳಿರಲಿಲ್ಲ. ಕುರ್ಚಿ ಎನ್ನುವ ಮುಂಚೆ ಉಸಿರು ಕಟ್ಟಿತು, ದನಿ ತಂತಿಯ ಹಾಗೆ ಸಣ್ಣಗಾಯಿತು. ಕಿಸಕ್ಕೆಂದವರೇ ಕಣ್ಣೊರೆಸಿಕೊಂಡರು.

ಹೊತ್ತಾ ತಡಿಕೆಯ ಕಡೆ ಮುಖ ಮಾಡಿ ನಿಂತು ಪೂರ್ತಿ ಕೇಳಿಸಿಕೊಂಡಳು. “ತುಂಬಾ ಚೆನ್ನಾಗಿತ್ತು. ನನಗೆ ಹಾಗೆ ಬರಲ್ಲ” ಎಂದಳು. ತಡಿಕೆಗೆ ತಲೆ ಬಾಗಿಸಿದಳು, ಮೇಷ್ಟ್ರಿಗೂ ಬಾಗಿಸಿದಳು. ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟು, ಅವಸರವಿಲ್ಲದೆ ಬಾಗಿಲವರೆಗೆ ನಡೆದು ಹೋದಳು.

ಇನ್ನೂ ಹತ್ತೊಂಬತ್ತು ಜನ ಬಾಕಿ ಇದ್ದರು. ಕಿನು ತಡಿಕೆಯ ಹಿಂದೆಯೇ ಕೂತು ಎಲ್ಲರದನ್ನೂ ಕೇಳಿದಳು. ಆಮೇಲೆ ಮೆಟ್ಟಿಲ ಮೇಲೆ ಹೋಗಿ ಕೂತಳು, ಏನೂ ತಿನ್ನಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

“ಅವ್ರು ತಕೆಗೋಶಿ ರುರಿಕೊ” ಎಂದಳು. “ಆಶಿಯಾದ ನೂಲಿನ ವ್ಯಾಪಾರದ ತಕೆಗೋಶಿ ಮನೆ ಮಗಳು. ನಾನು ಅವ್ರ ಮನೆ ಕೆಲಸದವಳಾಗಿದ್ದೆ ಕಣಯ್ಯ. ಅಮ್ಮಣ್ಣಿ ಮಾತು ಎಲ್ಲಿ ಕಲಿತೆ ಅಂತಿದ್ಯಲ್ಲ. ಅವ್ರ ಬಾಯಿಂದ.”

ಹದಿನಾಲ್ಕನೆಯ ವಯಸ್ಸಿನಲ್ಲಿ ಕಿನು ಆ ಮನೆಗೆ ಸೇರಿದ್ದಳು. ರುರಿಕೊಗೆ ಆಗ ಹದಿನಾರು. ತಾಯಿ ಇಲ್ಲದ ಹುಡುಗಿ, ತಂದೆ ಸದಾ ಕೆಲಸದ ಮೇಲೆ ಊರೂರು. ಇಪ್ಪತ್ತೊಂದು ಕೋಣೆಯ ಮನೆಯಲ್ಲಿ ಅವಳ ಓರಗೆಯವಳೆಂದರೆ ಕಿನು ಒಬ್ಬಳೇ. ಕೂದಲು ಬಾಚಿಸಿಕೊಳ್ಳುವಾಗ ಇಬ್ಬರೂ ಒಂದು ಆಟ ಆಡುತ್ತಿದ್ದರು: ಕಿನು ಅಮ್ಮಣ್ಣಿಯ ಹಾಗೆ ಮಾತಾಡಬೇಕು, ರುರಿಕೊ ಬಂದರಿನವರ ಹಾಗೆ ಬೈಯಬೇಕು. ಪಿಯಾನೋ ಟೀಚರಿಗೆ ಕಿನುವೇ ಫೋನು ಮಾಡಿ, ರುರಿಕೊಳ ದನಿಯಲ್ಲಿ, “ಇವತ್ತು ತಲೆ ನೋವು, ಪಾಠ ಬೇಡ” ಎನ್ನುವುದು. ಆ ಟೀಚರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

“ನಿಜ ಹೇಳ್ತೀನಿ ಕೇಳು. ಅವ್ರು ಮಾತಾಡೋದು ಇವತ್ತು ಹೇಳಿದ್ರಲ್ಲ, ಹಾಗೇ. ಬೇಗ ಬೇಗ, ಒಣ ಒಣ. ಹುಟ್ಟಿನಿಂದ ಹೇಳಿದ್ದು ನಡೀತಿದ್ದೋರಿಗೆ ಎಳೆಯೋ ಗರಜೇನಿದೆ? ಈ ಜೇನು, ಈ ನಡುಕ, ಇದೆಲ್ಲ ಮೇಷ್ಟ್ರು ನನಗೆ ಹಚ್ಚಿದ್ದು. ಜನಕ್ಕೆ ಹೀಗಿದ್ರೆ ಇಷ್ಟ ಅಂತ.”

ನಲವತ್ತನಾಲ್ಕರಲ್ಲಿ ಕಿನುವನ್ನು ಮದ್ದುಗುಂಡಿನ ಕಾರ್ಖಾನೆಯ ಕೆಲಸಕ್ಕೆ ಊರಿಗೆ ಕರೆಸಿಕೊಂಡರು. ಮರುವರ್ಷ ಆಗಸ್ಟಿನಲ್ಲಿ ಆಶಿಯಾ ಉರಿಯಿತು. ಯುದ್ಧ ಮುಗಿದ ಮೇಲೆ ಅವಳು ಒಮ್ಮೆ ಹೋಗಿ ನೋಡಿದ್ದಳು. ಕಲ್ಲಿನ ಗೇಟುಕಂಬ ಎರಡು ಉಳಿದಿದ್ದವು; ಒಳಗೆ ಯಾರೋ ಗೆಣಸು ಹಾಕಿದ್ದರು.

“ಯಾರನ್ನೂ ಕೇಳ್ಲಿಲ್ಲ ನಾನು. ಕೇಳಿದ್ರೆ ಸತ್ತೋದ್ರು ಅಂತಾರೇನೋ ಅಂತ ಭಯ. ಎರಡು ವರ್ಷ ಅವ್ರ ಬಾಯಲ್ಲಿ ಅನ್ನ ತಿಂದೆ. ಇವತ್ತು ಅವ್ರೇ ಬಂದು ಎದುರಿಗೆ ನಿಂತ್ರೆ, ತಡಿಕೆ ಹಿಂದೆ ಕೂತ್ಕೊಂಡು ಅಮ್ಮಣ್ಣಿ ಹೇಗೆ ಮಾತಾಡ್ತಾರೆ ಅಂತ ಅವ್ರಿಗೇ ಪಾಠ ಹೇಳಿದೆ.”

ನಾನು ಎದ್ದೆ. ಆಫೀಸಿಗೆ ಹೋಗಿ ಅರ್ಜಿಗಳ ಕಟ್ಟಿನಿಂದ ಹೊತ್ತಾ ರುರಿಕೊಳ ವಿಳಾಸ ಬರೆದುಕೊಂಡು ಬಂದೆ.

ಭಾನುವಾರ ಇಬ್ಬರೂ ಹ್ಯಾನ್‌ಶಿನ್ ರೈಲು ಹತ್ತಿದೆವು. ಕಿನು ಇದ್ದುದರಲ್ಲಿ ಒಳ್ಳೆಯ ಕಿಮೊನೊ ಉಟ್ಟಿದ್ದಳು. ಬಟ್ಟೆಯಲ್ಲಿ ಸುತ್ತಿದ ಡಬ್ಬಿಯಲ್ಲಿ ಸಕಾಯಿಯ ನೀರುಬದನೆಯ ಉಪ್ಪಿನಕಾಯಿ ಇತ್ತು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು.

ಅಮಗಾಸಾಕಿಯಲ್ಲಿ ಕಾರ್ಖಾನೆಯ ಹಿಂದೆ ವಠಾರ. ಒಗೆದು ಹಾಕಿದ ಬಟ್ಟೆಗಳ ಮೇಲೆಲ್ಲ ಮಸಿ. ಓಣಿಯ ನಡುವಿನ ನಲ್ಲಿಯ ಹತ್ತಿರ ನಾಲ್ಕೈದು ಹೆಂಗಸರ ಜೊತೆ ಕೂತು ರುರಿಕೊ ಮೂಲಂಗಿ ತೊಳೆಯುತ್ತಿದ್ದಳು. ಕಿನು ನೋಡಿದ್ದೇ ತಡ, ಡಬ್ಬಿಯನ್ನು ನನ್ನ ಕೈಗೆ ತುರುಕಿ, ಆ ಒದ್ದೆ ನೆಲದ ಮೇಲೆ ಮಂಡಿಯೂರಿ ಹಣೆ ಹಚ್ಚಿಬಿಟ್ಟಳು.

“ಅಮ್ಮಣ್ಣಿಯವ್ರೇ.”

ಹೆಂಗಸರೆಲ್ಲ ಕೈ ನಿಲ್ಲಿಸಿದರು. ರುರಿಕೊಳ ಮುಖದಲ್ಲಿ ರಕ್ತ ಏರಿತು.

“ಏಳು ಕಿನು. ಏಳೇ, ದಮ್ಮಯ್ಯ.”

“ಏನ್ ಹೊತ್ತಾ ಅವ್ರೇ” ಎಂದಳು ಪಕ್ಕದ ದಪ್ಪ ಹೆಂಗಸು, “ನಮ್ಮ ವಠಾರದಲ್ಲಿ ಅಮ್ಮಣ್ಣಿ ಇದ್ದದ್ದು ನಮಗೇ ಗೊತ್ತಿರ್ಲಿಲ್ವಲ್ಲ. ನಾಳೆಯಿಂದ ನಿಮ್ಮ ಮೂಲಂಗೀನ ನಾನೇ ತೊಳ್ದು ಕೊಡ್ಲಾ?”

“ತೊಳ್ಕೊಡಿ, ಜೊತೆಗೆ ಪಾತ್ರೇನೂ ಇದೆ” ಎಂದು ರುರಿಕೊ ನಕ್ಕಳು. “ಇವಳು ನಾಟಕದೋಳು. ಎಲ್ಲಿ ಅಂದ್ರಲ್ಲಿ ಪಾರ್ಟು ಹಾಕ್ತಾಳೆ.”

ಒಳಗೆ ಒಂದೇ ಕೋಣೆ. ಅವಳ ಗಂಡ ಕ್ರೇನು ನಡೆಸುವವನು. ಭಾನುವಾರವೂ ಪಾಳಿ ಇತ್ತು. ಗೂಡಿನಲ್ಲಿ ರೇಡಿಯೋ, ಅದಕ್ಕೆ ಹೂವಿನ ಬಟ್ಟೆ ಮುಚ್ಚಿತ್ತು. ರುರಿಕೊ ಚಹಾ ಮಾಡಲು ಎದ್ದರೆ ಕಿನುವೂ ಎದ್ದಳು, ಕೆಟಲಿಗಾಗಿ ಇಬ್ಬರೂ ಜಗ್ಗಾಡಿದರು.

“ಕೂತ್ಕೋ. ಇದು ನನ್ನ ಮನೆ.”

“ನೀವು ಬಡಿಸಿದ್ದು ನಾನು ಹೇಗೆ ಕುಡೀಲಿ?”

“ಬಾಯಲ್ಲಿ.”

ಕಿನುಗೆ ನಗು ಬಂತು, ಹಿಂದೆಯೇ ಅಳು ಬಂತು. ರುರಿಕೊ ಲೋಟ ಮುಂದೆ ಸರಿಸಿದಳು. ಅವಳ ತಂದೆ ಬೆಂಕಿ ಬಿದ್ದ ವರ್ಷದ ಚಳಿಗಾಲದಲ್ಲೇ ತೀರಿಕೊಂಡಿದ್ದರಂತೆ. ಉಳಿದ ಜಾಗ ತೆರಿಗೆಗೆ ಹೋಯಿತು. ಗಂಡ ಹೊತ್ತಾ ಒಳ್ಳೆಯವನು, ಮಾತು ಕಡಿಮೆ ಎಂದಳು. ಇಷ್ಟನ್ನೂ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದಳು.

“ಮೊದಲ ದಿನಾನೇ ಗೊತ್ತಾಯ್ತು ನೀನೇ ಅಂತ. ಊಟದ ಮನೇಲಿ ರೇಡಿಯೋ ಹಾಕಿರ್ತಾರೆ. ಎಲ್ಲರೂ ಕೈ ಕಟ್ಕೊಂಡು ಕೇಳ್ತಾರೆ. ದೊಡ್ಡ ಮನೆಯೋರು ಅಂದ್ರೆ ಹೀಗಪ್ಪಾ ಅಂತಾರೆ. ನಾನು ತಟ್ಟೆ ತೊಳೀತಾ ಒಳಗೊಳಗೇ ನಗ್ತಿದ್ದೆ.”

“ಮೊನ್ನೆ ನಾನು ಅಂತ ಗೊತ್ತಿತ್ತಾ? ತಡಿಕೆ ಹಿಂದೆ?”

“ಗೊತ್ತಿದ್ದೇ ಬಂದೆ. ನಿನ್ನ ನೋಡೋಣ ಅಂತ, ಅಷ್ಟೇ.” ತಲೆ ಅಲ್ಲಾಡಿಸಿದಳು. “ಅಲ್ಲ, ಸುಳ್ಳು ಯಾಕೆ ಹೇಳ್ಲಿ. ಕೆಲಸ ಸಿಗುತ್ತೆ ಅಂತಾನೂ ಅಂದ್ಕೊಂಡಿದ್ದೆ. ಅನ್ನ ಬಡಿಸೋಕೆ ಬರಲ್ಲ, ಚೆಲ್ತೀನಿ. ಹೊಲಿಗೆ ಬರಲ್ಲ. ಗೊತ್ತಿದ್ದಿದ್ದು ಅಮ್ಮಣ್ಣಿ ಆಗಿರೋದೊಂದೇ ತಾನೇ. ಅದರಲ್ಲೂ ಫೇಲಾದೆ.”

“ನಾನು ಬಾಯಿ ಬಿಡ್ಬೇಕಿತ್ತು” ಎಂದಳು ಕಿನು. “ಎದ್ದು ಬಂದು ಹೇಳ್ಬೇಕಿತ್ತು.”

“ಹೇಳಿದ್ರೆ ನಿನ್ನ ಕೆಲಸಾನೂ ಹೋಗ್ತಿತ್ತು. ಇಬ್ಬರದ್ದೂ ಹೋಗಿ ಏನು ಬಂತು?”

ಹೊರಗೆ ನಲ್ಲಿಯ ಹತ್ತಿರ ಹೆಂಗಸರು ಜೋರಾಗಿ ನಗುತ್ತಿದ್ದರು. ರುರಿಕೊ ತನ್ನ ಕೈಗಳನ್ನು ನೋಡಿಕೊಂಡಳು.

“ಆದ್ರೂ ಕಾಯ್ತಿದ್ದೆ ಕಿನು. ಬಾಗಿಲವರೆಗೂ.”

ಆ ಮಾತು ಕೇಳಿ ಕಿನು ಕಣ್ಣೀರು ಹಾಕಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಾನು ಎದ್ದು ಬಾಗಿಲ ಹತ್ತಿರ ನಿಂತೆ. ಹೊರಡುವಾಗ ರುರಿಕೊ ಓಣಿಯ ತುದಿಯವರೆಗೆ ಬಂದಳು. ಅಲ್ಲಿ ಕಿನುವಿನ ತೋಳು ಹಿಡಿದು ನಿಲ್ಲಿಸಿದಳು.

“ಇನ್ನು ಬರಬೇಡ. ಬೇಜಾರು ಮಾಡ್ಕೋಬೇಡ. ನೀನು ಬಂದ್ರೆ ಹಣೆ ನೆಲಕ್ಕೆ ಹಚ್ತೀಯ. ನಿನಗೆ ಬೇರೆ ಥರ ಬರಲ್ಲ, ನನಗೆ ಗೊತ್ತು. ಆಗ ನಾನು ಮತ್ತೆ ಅಮ್ಮಣ್ಣಿ ಆಗ್ಬೇಕಾಗುತ್ತೆ. ಇಲ್ಲಿ ಇಷ್ಟು ವರ್ಷದಿಂದ ಹೊತ್ತಾ ಹೆಂಡ್ತಿಯಾಗಿ ಹೇಗೋ ಕಲಿತ್ಕೊಂಡಿದೀನಿ. ಮತ್ತೆ ಮೊದಲಿಂದ ಶುರು ಮಾಡೋಕೆ ನನ್ನ ಕೈಲಾಗಲ್ಲ.”

“ಆಯ್ತು” ಎಂದಳು ಕಿನು.

“ರೇಡಿಯೋ ಕೇಳ್ತೀನಿ.”

“ಆಯ್ತು.”

ರೈಲಿನಲ್ಲಿ ಕಿನು ಒಂದೇ ಒಂದು ಮಾತಾಡಿದಳು. “ಇನ್ಮೇಲೆ ಸರಿಯಾಗಿ ಹೇಳ್ತೀನಿ.” ನನಗೆ ಆಗ ಅರ್ಥವಾಗಲಿಲ್ಲ.

ಮಾರನೆಯ ಸಂಜೆ ಅರ್ಥವಾಯಿತು. ಮೈಕಿನ ಮುಂದೆ ಜೇನು ಹೋಗಿತ್ತು, ನಡುಕ ಹೋಗಿತ್ತು. ಯುಕಾರಿ ಬೇಗ ಬೇಗ, ಒಣ ಒಣ ಮಾತಾಡಿದಳು. ಕಿಟಕಿ ತೆಗೆಯಿರಿ ಎಂದರೆ ಅದು ಕಿಟಕಿ ತೆಗೆಯಲೆಂದೇ ಹೇಳಿದ ಮಾತಾಗಿತ್ತು. ನನಗಂತೂ ಹಲಗೆಯ ಮೇಲಿದ್ದ ಕೈಗಳ ರೋಮ ನಿಮಿರಿದವು. ಎರಡು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ನಿಜವಾಗಿ ಯಾರೋ ವಾಸವಾಗಿದ್ದಾರೆ ಅನ್ನಿಸಿತು.

ಕಾಗದಗಳು ಬರತೊಡಗಿದವು. ಯುಕಾರಿಗೆ ಏನಾಯಿತು, ಅಹಂಕಾರ ಬಂದಿದೆ, ಕೂಲಿಯವಳ ಹಾಗೆ ಮಾತಾಡುತ್ತಾಳೆ, ನಮ್ಮ ಅಮ್ಮಣ್ಣಿಯನ್ನು ನಮಗೆ ವಾಪಸು ಕೊಡಿ. ಮೇಷ್ಟ್ರು ಮೊದಲು ಗಂಟಲು ಕೆಟ್ಟಿದೆಯೇ ಎಂದು ಕೇಳಿದರು. ಆಮೇಲೆ ಬೇಡಿಕೊಂಡರು. ಆಮೇಲೆ ಗದರಿದರು.

“ಕಿನು, ಆ ಮೂಲಂಗಿ ಹೆಂಗಸಿನ ಹಾಗೆ ಯಾಕೆ ಹೇಳ್ತಿದೀಯ? ಅಮ್ಮಣ್ಣಿ ಥರ ಹೇಳು.”

“ಹಾಗೇ ಹೇಳ್ತಾ ಇದೀನಿ ಮೇಷ್ಟ್ರೇ.”

ಮೂರು ತಿಂಗಳು ಹಾಗೆ ನಡೆಯಿತು. ನಾನೂ ಹೇಳಿ ನೋಡಿದೆ. ಅವಳಿಗೆ ಮನೆಯಲ್ಲಿ ಕಣ್ಣು ಮಂಜಾದ ಅಪ್ಪನಿದ್ದ, ಕೆಲಸ ಬೇಕಿತ್ತು. “ಒಂದು ಊಟದ ಮನೇಲಿ ಒಬ್ಬರು ಕೇಳ್ತಿದಾರಯ್ಯಾ” ಎಂದಳು, “ಅಷ್ಟು ಸಾಕು.” ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರು ಅವಳನ್ನು ಕರೆದು ನಾಳೆಯಿಂದ ಬರಬೇಡ ಎಂದರು. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಅವಳನ್ನು ಹುಡುಕಿ ತಂದವರು ಅವರೇ.

ಅವಳ ಜಾಗಕ್ಕೆ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಬಂದಳು. ಕಿನುವಿನ ಹಳೆಯ ರೆಕಾರ್ಡುಗಳನ್ನು ಕೇಳಿ ಕೇಳಿ ಆ ಜೇನನ್ನೂ ಆ ನಡುಕವನ್ನೂ ಹಾಗೆಯೇ ಎತ್ತಿಕೊಂಡಿದ್ದಳು. ಬದಲಾವಣೆಯನ್ನು ಕೇಂದ್ರದವರು ಹೊರಗೆ ಹೇಳಲಿಲ್ಲ. ಮಿಸೊನೊ ಎಂಬ ಹೆಸರು ಹಾಗೇ ಉಳಿಯಿತು. ಅಮ್ಮಣ್ಣಿ ವಾಪಸು ಬಂದಳೆಂದು ಕೇಳುಗರು ಸಂತೋಷದಿಂದ ಕಾಗದ ಬರೆದರು. ನಾನು ಆ ಹುಡುಗಿಗೂ ಕಾಲಾಗಿ ನಡೆದೆ. ನನಗೂ ಹೊಟ್ಟೆಪಾಡು.

ಕಿನು ಸಕಾಯಿಗೆ ಹೋಗಿ ಅಪ್ಪನ ಅಂಗಡಿಯಲ್ಲಿ ಸಾಣೆಕಲ್ಲಿನ ಮುಂದೆ ಕೂತಳು. ತಿಂಗಳಿಗೊಮ್ಮೆ ನಾನು ಹೋಗುತ್ತಿದ್ದೆ. ಅವಳನ್ನು ಮದುವೆಯಾಗುವ ಮಾತು ಒಂದೆರಡು ಸಲ ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೆ ಅದು ತಿಳಿದಿತ್ತೆಂದು ಕಾಣುತ್ತದೆ. ನಾನು ಬಾಯಿ ತೆರೆಯುವ ಮುಂಚೆಯೇ “ನಿನಗೊಂದು ಹೆಣ್ಣು ನೋಡ್ಬೇಕು ಕಣಯ್ಯ” ಎಂದುಬಿಡುತ್ತಿದ್ದಳು.

ಶರತ್ಕಾಲದಲ್ಲಿ ಒಂದು ಮಧ್ಯಾಹ್ನ, ಕೇಂದ್ರದ ಬಾಗಿಲಲ್ಲಿ ಬಂದವರನ್ನು ವಿಚಾರಿಸುವ ನೊಬು ಎಂಬಾಕೆ ನನ್ನ ಎದುರು ಕೂತು ಊಟ ಮಾಡುತ್ತಿದ್ದಳು. ಏನೋ ಮಾತಿಗೆ ಮಾತು ಬಂದು, ಯುಕಾರಿಯ ಹುಚ್ಚಿನ ಜನ ಎಂಥೆಂಥವರು ಬರುತ್ತಾರೆಂದು ಹೇಳತೊಡಗಿದಳು.

“ಮೊನ್ನೆ ಒಬ್ಬಳು ಬಂದಿದ್ಲು. ಕೆಂಪು ಕೈ, ಮಾಸಿದ ನೀಲಿ ಅಂಗಿ. ಯುಕಾರಿ ದನಿ ಬದಲಾಗಿದೆ, ಮುಂಚೆ ಮಾತಾಡ್ತಿದ್ದೋರು ಚೆನ್ನಾಗಿದಾರಾ, ಹುಷಾರಿಲ್ವಾ ಅಂತ ಕೇಳಿದ್ಲು. ಬದಲಾಗಿಲ್ಲಮ್ಮಾ, ಅದೇ ಮಿಸೊನೊ ಅವ್ರೇ ಅಂದೆ. ನಮಗೆ ಹಾಗೆ ತಾನೇ ಹೇಳು ಅಂದಿರೋದು? ಅವಳು ಒಪ್ಲಿಲ್ಲ. ಮೂರು ತಿಂಗಳು ತುಂಬಾ ಚೆನ್ನಾಗಿತ್ತು, ನಿಜವಾಗ್ಲೂ ಹಾಗೇ ಇತ್ತು, ಆಮೇಲೆ ಬೇರೆ ಯಾರೋ ಬಂದಿದಾರೆ, ನನಗೆ ಗೊತ್ತು ಅಂದ್ಲು. ಹೆಸರು ಹೇಳಿ ಹೋಗಿ ಅಂದೆ. ಬೇಡ, ಅವರೇ ಆಗಿದ್ರೆ ಸರಿ ಅಂದ್ಲು. ಒಂದು ಗಂಟೆ ಆ ಬೆಂಚಿನ ಮೇಲೆ ಕೂತಿದ್ದು ಹೋದ್ಲು.”

“ಮೊನ್ನೆ ಅಂದ್ರೆ ಯಾವತ್ತು?”

ನೊಬು ಬೆರಳು ಮಡಿಚಿ ಎಣಿಸಿದಳು. ಹನ್ನೊಂದು ದಿನ ಆಗಿತ್ತು.

ನಾನು ಊಟ ಬಿಟ್ಟು ಎದ್ದೆ, ನೇರ ಸಕಾಯಿಗೆ ಹೋದೆ. ಕಿನು ಕೈಯಲ್ಲಿದ್ದ ಚಾಕುವನ್ನು ನೀರಿನ ತೊಟ್ಟಿಯಲ್ಲೇ ಬಿಟ್ಟು, ಏಪ್ರನ್ ಕೂಡ ಬಿಚ್ಚದೆ ಹೊರಟಳು. ಬರಬೇಡವೆಂದು ರುರಿಕೊ ಹೇಳಿದ್ದನ್ನು ಇಬ್ಬರೂ ಎತ್ತಲಿಲ್ಲ.

ವಠಾರದ ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಗೋಡೆಗೆ ಹೊಸ ಕಾಗದ ಅಂಟಿಸುತ್ತಿದ್ದರು. ನಲ್ಲಿಯ ಹತ್ತಿರದ ದಪ್ಪ ಹೆಂಗಸು ಕಿನುವನ್ನು ಗುರುತು ಹಿಡಿದಳು.

“ನಾಟಕದೋಳಲ್ವಾ ನೀನು? ಹೊತ್ತಾ ಅವ್ರು ಹೋದ್ರಲ್ಲ. ನಾಲ್ಕು ದಿನ ಆಯ್ತು. ಗಂಡನಿಗೆ ಆ ಉತ್ತರದ ತುದಿ, ಹೊಕ್ಕೈದೋ ಕಡೆ ಎಲ್ಲೋ ಕೆಲಸ ಸಿಕ್ತಂತೆ. ಯಾವ ಊರೋ, ಹೇಳಿದ್ರು, ಮರ್ತೋಯ್ತು. ಹೋಗೋ ಮುಂಚೆ ಒಬ್ರನ್ನ ನೋಡ್ಬೇಕು ಅಂತ ಒಸಾಕಾಗೆ ಹೋಗಿದ್ರು. ಸಿಗ್ಲಿಲ್ಲ ಅಂತ ವಾಪಸು ಬಂದ್ರು.”

ಕಿನು ಆ ಹೆಂಗಸಿಗೆ ತಲೆ ಬಾಗಿಸಿದಳು. ಓಣಿಯ ತುದಿಯವರೆಗೆ ನಡೆದಳು. ಅಲ್ಲಿ ನಿಂತು, ನನ್ನ ತೋಳು ಹಿಡಿದು, ಸದ್ದಿಲ್ಲದೆ, ಬಾಯಿ ತೆರೆದು ಅತ್ತಳು. ಎಂಥೆಂಥ ಅಳುವಿಗೆ ಸದ್ದು ಕೊಟ್ಟವನು ನಾನು. ಆ ಅಳುವಿಗೆ ಯಾವ ಸದ್ದೂ ಇರಲಿಲ್ಲ.

ಅವರು ಯಾವ ಊರಿಗೆ ಹೋದರೆಂದು ಕಾರ್ಖಾನೆಯವರಿಗೂ ಗೊತ್ತಿರಲಿಲ್ಲ. ಹೊಕ್ಕೈದೋದ ಕಬ್ಬಿಣದ ಊರುಗಳಿಗೆ ಕಿನು ಕಾಗದ ಬರೆದಳು. ಕೆಲವು ಹಿಂದಿರುಗಿ ಬಂದವು, ಕೆಲವು ಬರಲಿಲ್ಲ. ಎರಡು ವರ್ಷ ಬಿಟ್ಟು ನಾನು ಕೇಂದ್ರದವರನ್ನು ಕಾಡಿ ಬೇಡಿ, ಕಾಣೆಯಾದವರನ್ನು ಹುಡುಕುವ ಕಾರ್ಯಕ್ರಮದಲ್ಲಿ ಒಂದು ಪ್ರಕಟಣೆ ಹಾಕಿಸಿದೆ. ಮೂರು ದಿನ, ಬೆಳಗ್ಗೆ ಹತ್ತೂವರೆಗೆ. ಕಿನುವೇ ಓದಲಿ ಎಂದು ಕೇಳಿದ್ದೆ; ಕೇಂದ್ರದವರು ಒಪ್ಪಲಿಲ್ಲ. ಸುದ್ದಿ ಓದುವ ಗಂಡಸೊಬ್ಬ ಓದಿದ: “ಹಿಂದೆ ಅಮಗಾಸಾಕಿಯಲ್ಲಿ ವಾಸವಿದ್ದ ಹೊತ್ತಾ ರುರಿಕೊ ಅವರನ್ನು ಸಕಾಯಿಯ ಹಮಾಗುಚಿ ಕಿನು ಹುಡುಕುತ್ತಿದ್ದಾರೆ.”

ಮೂರನೆಯ ದಿನ ನಾನು ಅಂಗಡಿಯಲ್ಲೇ ಇದ್ದೆ. ಕಿನು ಸಾಣೆಕಲ್ಲು ನಿಲ್ಲಿಸಿ ಕೇಳಿದಳು. ಅದು ಮುಗಿದು ಮುಂದಿನ ಹೆಸರು ಬಂತು, ಅದರ ಮುಂದಿನದು ಬಂತು. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಅವ್ರು ಕೇಳಿದ್ರೆ ಗೊತ್ತಾಗುತ್ತಲ್ವಾ?”

“ಗೊತ್ತಾಗುತ್ತೆ.”

“ಗೊತ್ತಾದ್ರೂ ಬರೆಯಲ್ವೇನೋ.”

ಪ್ರಕಟಣೆಗೆ ಯಾವ ಉತ್ತರವೂ ಬರಲಿಲ್ಲ, ಆ ವರ್ಷವೂ, ಆಮೇಲೂ. ಕಿನು ಹದಿನಾಲ್ಕು ವರ್ಷ ಆ ಕಲ್ಲಿನ ಮುಂದೆ ಕೂತು, ಹೊಟ್ಟೆಯ ಕಾಯಿಲೆಯಿಂದ ತೀರಿಕೊಂಡಳು. ಪ್ರಕಟಣೆಯ ಆ ಮೂರನೆಯ ದಿನ ಬೆಳಗ್ಗೆ ಮಾತ್ರ, ಮೀನಿನ ಅಂಗಡಿಯ ಹೆಂಗಸೊಬ್ಬಳು ಬಂದು ಬಟ್ಟೆಯಲ್ಲಿ ಸುತ್ತಿದ ಎರಡು ಚಾಕುಗಳನ್ನು ಜಗಲಿಯ ಮೇಲಿಟ್ಟು, ಮಧ್ಯಾಹ್ನಕ್ಕೆ ಬೇಕು ಎಂದಳು.

“ಕೊಡ್ತೀನಿ, ಇಟ್ಟು ಹೋಗಿ” ಎಂದಳು ಕಿನು. ಬೇಗನೆ, ಒಣಗಿದ ದನಿಯಲ್ಲಿ.